ಕಾರ್ಖಾನೆಯಲ್ಲಿ ಸಿದ್ಧವಾಗುವ ಮನೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ನಾಣ್ಣುಡಿಯು ಮನೆ ಕಟ್ಟುವವನ ಕಷ್ಟವನ್ನು ಕಂಡೇ ಹುಟ್ಟಿದುದಾಗಿದೆ. ಈ ಕಷ್ಟವನ್ನು ನೀಗುವೆವೆಂದು ಹೇಳಿಕೊಂಡು ಹೊಸ ಉದ್ಯಮವೊಂದು ನಮ್ಮೆದುರು ಬಂದು ನಿಂತಿದೆ. ಗೋಡೆ, ಮಾಳಿಗೆ, ಮೆಟ್ಟಿಲುಗಳನ್ನು ಕಾರ್ಖಾನೆಯಲ್ಲಿಯೇ ಎರಕಹೊಯ್ದು, ಲಾರಿಗಳಲ್ಲಿ ಸಾಗಿಸಿ, ನಿವೇಶನದಲ್ಲಿ ಕ್ರೇನಿನಿಂದ ಎತ್ತಿ ಜೋಡಿಸುವುದೇ ಈ ಪದ್ಧತಿಯಾಗಿರುತ್ತದೆ. ೨೦೧೭ನೆಯ ಇಸವಿಯಲ್ಲಿ ಬೆಂಗಳೂರಿನ ಇಂದಿರಾ ಕ್ಯಾಂಟೀನುಗಳು ಹೀಗೆಯೇ ಎದ್ದುನಿಂತುದನ್ನು ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರುವರು. ಇದರಲ್ಲಿ ಲಾಭವುಂಟೆಂಬ ಮಾತನ್ನು ಕೇಳಿ ನಮ್ಮ ನಾಡಿನ ಬಂಡವಾಳಗಾರರೂ ಇತ್ತ ದೃಷ್ಟಿ ಹಾಯಿಸಿದರೆ ಅದು ಸಹಜವೇ ಸರಿ. ಲಾಭವುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಲಾಭವು ಎಲ್ಲಿದೆಯೆಂಬುದನ್ನು ಅರಿಯದೆ ಹಣ ಹೂಡುವುದು ಹಿತಕರವಲ್ಲವೆಂದು ಎಚ್ಚರಿಸುವುದು ನಮ್ಮ ಕರ್ತವ್ಯವಾಗಿದೆ.

ಈ ಪ್ರಯೋಗವು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ದೇಶವಿಭಜನೆಯ ತರುವಾಯ ನಿರಾಶ್ರಿತರ ಮಹಾಪ್ರವಾಹವೇ ದಿಲ್ಲಿಗೆ ಹರಿದುಬಂದಾಗ, ಕೇಂದ್ರ ಸರಕಾರವು ೧೯೪೮ರಲ್ಲಿ ಅಲ್ಲಿ ಗೃಹನಿರ್ಮಾಣದ ಕಾರ್ಖಾನೆಯೊಂದನ್ನು ಹಮ್ಮಿಕೊಂಡಿತು. ಈ ಯೋಜನೆಗೆ ಮುಂದಾಳಾಗಿ ನಿಂತವರು ನಮ್ಮ ಮೈಸೂರು ಸಂಸ್ಥಾನದಲ್ಲಿ ೧೯೩೯ರಿಂದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಆಟೊ ಕೋನಿಗ್ಸ್‌ಬರ್ಗರ್ ಅವರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಇಂದಿಗೂ ಅವರ ಪ್ರತಿಭೆಗೆ ಸಾಕ್ಷಿಯಾಗಿವೆ. ಉದ್ದೇಶವು ಉದಾತ್ತವಾಗಿದ್ದಿತು, ಅಧಿಕಾರಿಯು ಸಮರ್ಥನಾಗಿದ್ದನು, ದ್ರವ್ಯಕ್ಕೂ ಕೊರತೆಯಿರಲಿಲ್ಲ. ಆದರೆ ಹೊರದೇಶದಿಂದ ತಂದ ಪದ್ಧತಿಯಂತೆ ಮಾಡಿದ ಹಗುರ ಕಾಂಕ್ರೀಟಿನ ಫಲಕಗಳು ಬಿರುಕು ಬಿಟ್ಟವು; ಯೋಜನೆಯು ಟೀಕೆಗೆ ಗುರಿಯಾಗಿ ಕೈಬಿಟ್ಟುಹೋಯಿತು; ಕೋನಿಗ್ಸ್‌ಬರ್ಗರ್ ಅವರು ೧೯೫೧ರಲ್ಲಿ ಭಾರತವನ್ನು ಬಿಟ್ಟು ಹೋದರು.

ಆದರೂ ಕಾರ್ಖಾನೆಯು ಮುಚ್ಚಲಿಲ್ಲವೆಂಬುದನ್ನು ಗಮನಿಸಬೇಕು. ೧೯೫೩ರಲ್ಲಿ ಅದು ಹಿಂದುಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಯಿತು. ೧೯೭೮ರಲ್ಲಿ ಹಿಂದುಸ್ತಾನ್ ಪ್ರಿಫ್ಯಾಬ್ ಎಂದು ಹೆಸರು ಬದಲಿಸಿಕೊಂಡಿತು. ಅದು ವಿದ್ಯುತ್ ಕಂಬ, ರೈಲು ಸ್ಲೀಪರು, ಕಟ್ಟಡದ ಬಿಡಿಭಾಗಗಳು ಮುಂತಾದುವನ್ನು ತಯಾರಿಸಿ ಬದುಕಿತು. ಇಡೀ ಮನೆಯನ್ನು ಮಾರಲಾರದೆ ಸೋತ ಕಾರ್ಖಾನೆಯು ಬಿಡಿಭಾಗಗಳನ್ನು ಮಾರಿ ಉಳಿದುಕೊಂಡಿತು. ನಮ್ಮ ಉದ್ಯಮಶೀಲರು ಮನನಮಾಡಬೇಕಾದ ಪಾಠವು ಇದೇ ಆಗಿದೆ.

ಹೊರದೇಶಗಳ ಅನುಭವವೂ ಇದನ್ನೇ ಸಾರುತ್ತದೆ. ಅಮೇರಿಕದಲ್ಲಿ ಲಸ್ಟ್ರಾನ್ ಎಂಬ ಕಂಪನಿಯು ಸರಕಾರದಿಂದ ಕೋಟಿಗಟ್ಟಲೆ ಡಾಲರು ಸಾಲ ಪಡೆದು, ಸುಮಾರು ೨,೫೦೦ ಉಕ್ಕಿನ ಮನೆಗಳನ್ನು ಮಾಡುವಷ್ಟರಲ್ಲಿಯೇ ೧೯೫೦ರಲ್ಲಿ ದಿವಾಳಿಯೆದ್ದಿತು. ೨೦೧೫ರಲ್ಲಿ ಹುಟ್ಟಿದ ಕಟೆರಾ ಕಂಪನಿಯು ಸುಮಾರು ೨೦೦ ಕೋಟಿ ಡಾಲರು ಬಂಡವಾಳ ಕೂಡಿಸಿಯೂ ೨೦೨೧ರಲ್ಲಿ ಅದೇ ಗತಿಯನ್ನು ಹೊಂದಿತು. ಇದಕ್ಕೆ ವಿರುದ್ಧವಾಗಿ ಬ್ರಿಟನ್ನಿನಲ್ಲಿ ೧೯೪೪ರ ಕಾಯಿದೆಯ ಮೇರೆಗೆ ಕೆಲವೇ ವರುಷಗಳಲ್ಲಿ ೧,೫೬,೦೦೦ ಸಿದ್ಧಮನೆಗಳು ನಿಂತವು; ಏಕೆಂದರೆ ಅಲ್ಲಿ ಕೊಳ್ಳುವವನು ಸರಕಾರವೇ ಆಗಿದ್ದನು. ಸಾಮಾನ್ಯ ಗುತ್ತಿಗೆದಾರನು ಕೆಲಸವಿಲ್ಲದ ತಿಂಗಳಲ್ಲಿ ಆಳುಗಳನ್ನು ಬಿಟ್ಟು ಸುಮ್ಮನಿರಬಲ್ಲನು. ಕಾರ್ಖಾನೆಯವನಿಗಾದರೋ ಕೆಲಸವಿರಲಿ ಇಲ್ಲದಿರಲಿ ಯಂತ್ರದ ಸಾಲ, ಬಡ್ಡಿ, ಸಂಬಳಗಳು ತಪ್ಪುವುದಿಲ್ಲ. ಆದುದರಿಂದ ಈ ಉದ್ಯಮಕ್ಕೆ ಯಂತ್ರಕ್ಕಿಂತಲೂ ಎಡೆಬಿಡದ ಬೇಡಿಕೆಯೇ ಹೆಚ್ಚು ಅವಶ್ಯಕವಾದುದು.

ಆದಕಾರಣ ನಮ್ಮ ಬಂಡವಾಳಗಾರರು ಮೊದಲು ಬಿಡಿಭಾಗಗಳ ತಯಾರಿಕೆಯನ್ನು ಕೈಕೊಳ್ಳುವುದು ಲೇಸು. ಬಾಗಿಲು ಕಿಟಕಿಗಳ ಚೌಕಟ್ಟು, ಲಿಂಟಲು, ಆವರಣಗೋಡೆಯ ಹಲಗೆ, ಮಾಳಿಗೆಯ ತೊಲೆ ಮತ್ತು ಫಲಕ ಇವುಗಳಿಗೆ ಪ್ರತಿಯೊಂದು ತಾಲೂಕಿನಲ್ಲಿಯೂ ಗಿರಾಕಿಗಳಿರುವರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಮೊದಲೇ ಎರಕಹೊಯ್ದ ತೊಲೆ ಫಲಕಗಳ ಮಾಳಿಗೆಯನ್ನು ಬಹುಕಾಲದ ಹಿಂದೆಯೇ ರೂಪಿಸಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಗಳನ್ನು ಬಳಕೆಗೆ ತಂದಿದೆ. ನಮ್ಮ ಬಿಸಿಲು ಮಳೆಗಳನ್ನು ಬಲ್ಲ ಸ್ವದೇಶೀ ವಿದ್ಯೆಯು ಮನೆಯೊಳಗಿರುವಾಗ ಪರದೇಶದ ಅಚ್ಚುಗಳಿಗಾಗಿ ಕೈಚಾಚುವುದೇಕೆ? ಕಾಂಕ್ರೀಟು ಭಾರವಾದ ಸರಕು. ದೂರ ಸಾಗಿಸಿದಷ್ಟೂ ಲಾಭವು ಕರಗುತ್ತದೆ. ಆದುದರಿಂದ ಬೆಂಗಳೂರಿನಲ್ಲಿ ಒಂದು ದೊಡ್ಡ ಕಾರ್ಖಾನೆಗಿಂತ ಜಿಲ್ಲೆಗೊಂದು ಸಣ್ಣ ಕಾರ್ಖಾನೆಯು ಲೇಸೆಂದು ನಮ್ಮ ಅಭಿಪ್ರಾಯ. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಗಾರೆಕೆಲಸವನ್ನು ಅರಸಿ ಬೆಂಗಳೂರಿಗೆ ಗುಳೆಹೋಗುವ ಕುಟುಂಬಗಳಿಗೆ ತಮ್ಮ ಊರಿನ ಬಳಿಯಲ್ಲಿಯೇ ವರುಷವಿಡೀ ಕೆಲಸ ದೊರೆಯುವುದಾದರೆ ಅದಕ್ಕಿಂತ ಹೆಚ್ಚಿನ ನಾಡಸೇವೆ ಯಾವುದು?

ಸರಕಾರಕ್ಕೂ ನಾವು ಬಿನ್ನವಿಸಬೇಕಾದುದುಂಟು. ಕೇಂದ್ರ ಸರಕಾರವು ಹೊಸ ಪದ್ಧತಿಗಳ ಪರೀಕ್ಷೆಗೆಂದು ಆರು ನಗರಗಳನ್ನು ಆರಿಸಿಕೊಂಡಿತು. ಚೆನ್ನೈಯಲ್ಲಿ ೧,೧೫೨ ಮನೆಗಳು ೨೦೨೨ರಲ್ಲಿ ಸಿದ್ಧವಾದವು. ಆ ಆರರಲ್ಲಿ ಕರ್ನಾಟಕದ ಒಂದು ನಗರವೂ ಇರಲಿಲ್ಲ. ೨೦೧೯ರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಹರಿದಾಗ ಪೂರ್ತಿ ಬಿದ್ದ ಮನೆಗೆ ೫ ಲಕ್ಷ ರೂಪಾಯಿಗಳನ್ನು ಕೊಡುವೆವೆಂದು ನಮ್ಮ ಸರಕಾರವು ಸಾರಿತು. ಹಣ ಕೊಟ್ಟ ಮಾತ್ರಕ್ಕೆ ಮಳೆಗಾಲದೊಳಗೆ ಸೂರು ಏಳುವುದಿಲ್ಲ. ಅಂಗನವಾಡಿ, ಶಾಲೆಯ ಕೋಣೆ, ನೌಕರರ ವಸತಿ ಇವುಗಳಿಗೆ ಒಂದೇ ಅಳತೆಯನ್ನು ಗೊತ್ತುಪಡಿಸಿ, ಐದು ವರುಷಗಳ ಬೇಡಿಕೆಯನ್ನು ಮುಂಚಿತವಾಗಿ ಪ್ರಕಟಿಸಿ, ಬಹಿರಂಗ ಟೆಂಡರಿನಿಂದ ಹಂಚಿದರೆ ಸಣ್ಣ ಕಾರ್ಖಾನೆಗಳು ತಾವಾಗಿಯೇ ಹುಟ್ಟುವುವು. ನೆರೆ ಬಂದಾಗ ಅವುಗಳೇ ನಾಡಿನ ನೆರವಿಗೆ ಒದಗುವುವು.

ಆದರೆ ಅವಸರದಲ್ಲಿ ಪರೀಕ್ಷೆಯನ್ನು ಮರೆಯಲಾಗದು. ೧೯೬೮ರಲ್ಲಿ ಲಂಡನ್ನಿನ ರೋನನ್ ಪಾಯಿಂಟ್ ಎಂಬ ೨೨ ಅಂತಸ್ತಿನ ಕಟ್ಟಡದಲ್ಲಿ ಗ್ಯಾಸು ಸ್ಫೋಟಗೊಂಡು ಒಂದು ಮೂಲೆಯೇ ಕುಸಿದು ನಾಲ್ವರು ಸತ್ತರು. ಸಿದ್ಧಫಲಕಗಳನ್ನು ಕೂಡಿಸಿದ ಕೀಲುಗಳ ದೌರ್ಬಲ್ಯವು ಆಗ ಬಯಲಾಯಿತು. ಕೀಲುಗಳನ್ನು ಪರೀಕ್ಷಿಸುವ ಎಂಜಿನಿಯರನು ಗುತ್ತಿಗೆದಾರನ ಸಂಬಳದವನಾಗಿರಕೂಡದು.

ಧನಿಕರು ಧೈರ್ಯದೊಡನೆ ವಿವೇಕವನ್ನೂ, ಸರಕಾರವು ದೂರದೃಷ್ಟಿಯನ್ನೂ ತೋರಿದಲ್ಲಿ ಈ ಉದ್ಯಮವು ಕನ್ನಡನಾಡಿನಲ್ಲಿ ಬೇರೂರುವುದರಲ್ಲಿ ಸಂಶಯವಿಲ್ಲ. ತಲೆಯ ಮೇಲೆ ಭದ್ರವಾದ ಸೂರಿಲ್ಲದ ಬಡವನು ಎಷ್ಟು ಮಳೆಗಾಲ ಕಾಯಬೇಕೆಂಬುದು ಇವರಿಬ್ಬರ ಕೈಯಲ್ಲಿದೆ.