ಉದ್ಯೋಗ ಪ್ರಕಟಣೆ: ಅರ್ಜಿಗೆ ಮೊದಲು ಓದಲೇಬೇಕಾದ ಸಾಲುಗಳು

ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ ವಿಲೀನಗೊಂಡ ವಿಜಯಾ ಬ್ಯಾಂಕ್, 2006ರಲ್ಲಿ ಅಧಿಕಾರಿಗಳ ನೇಮಕಕ್ಕೆ ಪ್ರಕಟಣೆ ಹೊರಡಿಸಿತ್ತು. ಆಯ್ಕೆಯಾದವರು ಕನಿಷ್ಠ 3 ವರ್ಷ ಕೆಲಸ ಮಾಡಬೇಕು, ಅದಕ್ಕೂ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತು ಆ ಪ್ರಕಟಣೆಯಲ್ಲೇ ಇತ್ತು. ಹಾಗೆ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಇನ್ನೊಂದು ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಆಕ್ಷೇಪಣೆ ದಾಖಲಿಸಿಯೇ ಹಣ ಕಟ್ಟಿ, ನಂತರ ನ್ಯಾಯಾಲಯದ ಮೆಟ್ಟಿಲೇರಿದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರಿಗೆ ಗೆಲುವಾಯಿತು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಬ್ಯಾಂಕಿನ ಷರತ್ತು ಸರಿಯಾಗಿಯೇ ಇದೆ ಎಂದಿತು.

ಎಲ್ಲ ಬಾಂಡುಗಳೂ ನ್ಯಾಯಸಮ್ಮತ ಎಂದು ಈ ತೀರ್ಪು ಹೇಳಿಲ್ಲ. ಸಾರ್ವಜನಿಕ ವಲಯದ ಬ್ಯಾಂಕು ಒಬ್ಬರು ಬಿಟ್ಟುಹೋದರೆ ಮತ್ತೆ ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿಯೇ ಇನ್ನೊಬ್ಬರನ್ನು ತೆಗೆದುಕೊಳ್ಳಬೇಕು, ಅದಕ್ಕೆ ಖರ್ಚಿದೆ. ಆ ದರ್ಜೆಯ ಅಧಿಕಾರಿಯ ಸಂಬಳಕ್ಕೆ 2 ಲಕ್ಷ ಅತಿಯಾದ ಮೊತ್ತವೂ ಅಲ್ಲ ಎಂಬ ಕಾರಣಗಳನ್ನು ನ್ಯಾಯಾಲಯ ಕೊಟ್ಟಿತು. ನೌಕರಿ ಹುಡುಕುವ ಮಕ್ಕಳಿರುವ ಮನೆಗಳಿಗೆ ಇದರಲ್ಲಿ ಒಂದು ಪಾಠವಿದೆ. ಪ್ರಕಟಣೆ ಎಂದರೆ ಬರೀ ಕರೆಯೋಲೆಯಲ್ಲ, ಅದು ಒಪ್ಪಂದದ ಮೊದಲ ಪುಟ.

ನಮ್ಮ ಸಮಾಜದಲ್ಲಿ ಒಂದು ತಲೆಮಾರಿನ ಹಿಂದೆ ಹೆಚ್ಚಿನ ಮಕ್ಕಳು ಅಂಗಡಿಗೋ ಹೊಲಕ್ಕೋ ಬರುತ್ತಿದ್ದರು. ಇಂದು ಬೆಳಗಾವಿ, ಹುಬ್ಬಳ್ಳಿ, ಹಾಸನ, ಕಾರ್ಕಳ, ಮೂಡುಬಿದಿರೆಯ ಮನೆಗಳಿಂದ ಬೆಂಗಳೂರು, ಪುಣೆಗೆ ನೌಕರಿಗೆ ಹೋಗುವವರೇ ಹೆಚ್ಚು. ಸರಕು ತರಿಸುವಾಗ ದರ, ಸಾಗಣೆ ವೆಚ್ಚ, ಉದ್ದರಿಯ ದಿನ, ವಾಪಸಾತಿಯ ಷರತ್ತು ಎಲ್ಲವನ್ನೂ ಓದುವ ತಂದೆ, ಮಗಳ ಉದ್ಯೋಗ ಪ್ರಕಟಣೆಯಲ್ಲಿ ಹುದ್ದೆಯ ಹೆಸರು ಮತ್ತು ಸಂಬಳದ ಅಂಕಿಯನ್ನು ಮಾತ್ರ ನೋಡುತ್ತಾರೆ. ಮಕ್ಕಳೂ ಮೊಬೈಲಿನಲ್ಲಿ ದಿನಕ್ಕೆ ಐವತ್ತು ಕಡೆ ಅರ್ಜಿ ಒತ್ತಿ, ಒಂದರಿಂದಲೂ ಉತ್ತರ ಬರಲಿಲ್ಲ ಎಂದು ಕೊರಗುತ್ತಾರೆ. ಓದುವುದಕ್ಕೆ ಒಂದು ಕ್ರಮ ಇಟ್ಟುಕೊಂಡರೆ ಸಮಯವೂ ಉಳಿಯುತ್ತದೆ, ಮೋಸವೂ ತಪ್ಪುತ್ತದೆ.

ಮೊದಲು ಜರಡಿ ಹಿಡಿಯಿರಿ

ಪ್ರಕಟಣೆಯನ್ನು ಮೇಲಿನಿಂದ ಕೆಳಗೆ ಓದುತ್ತ ಹೋಗಬೇಕಾಗಿಲ್ಲ. ಕಂಪನಿಯ ಹೊಗಳಿಕೆ, ‘ಉತ್ಸಾಹಿ ತಂಡ’ ಮುಂತಾದ ಮಾತುಗಳನ್ನು ಮೊದಲ ಸಲ ಬಿಟ್ಟುಬಿಡಬಹುದು. ಕೆಲಸದ ಊರು, ಪಾಳಿ, ಕೇಳಿರುವ ವಿದ್ಯಾರ್ಹತೆ ಮತ್ತು ಅನುಭವ, ಕೊನೆಯ ದಿನಾಂಕ ಈ ನಾಲ್ಕನ್ನು ಮೊದಲು ಹುಡುಕಬೇಕು. ಇವುಗಳಲ್ಲಿ ಒಂದು ಹೊಂದದಿದ್ದರೂ ಮುಂದೆ ಓದುವ ಅಗತ್ಯವಿಲ್ಲ. ಅರ್ಧ ನಿಮಿಷದಲ್ಲಿ ಹತ್ತರಲ್ಲಿ ಆರೇಳು ಪ್ರಕಟಣೆಗಳು ಬದಿಗೆ ಸರಿಯುತ್ತವೆ.

ಪಾಳಿಯ ಸಾಲು ನಮ್ಮ ಮನೆಗಳಿಗೆ ಇನ್ನಷ್ಟು ಮುಖ್ಯ. ‘ರೊಟೇಷನಲ್ ಶಿಫ್ಟ್’ ಎಂದರೆ ಪಾಳಿ ಬದಲಾಗುತ್ತಿರುತ್ತದೆ, ರಾತ್ರಿ ಪಾಳಿಯೂ ಬರುತ್ತದೆ. ‘ಯುಎಸ್ ಶಿಫ್ಟ್’ ಎಂದರೆ ಸಂಜೆ ಶುರುವಾಗಿ ನಸುಕಿನವರೆಗೆ ದುಡಿಮೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ನಿಯಮ ಪಾಲಿಸುವವರು ಇದನ್ನು ಸೇರಿದ ಮೇಲೆ ಕೇಳುವುದಲ್ಲ, ಅರ್ಜಿಗೆ ಮೊದಲೇ ತಿಳಿದಿರಬೇಕು.

ಎರಡನೇ ಸಲ ಓದುವಾಗ ‘ಮಸ್ಟ್ ಹ್ಯಾವ್’ ಮತ್ತು ‘ಗುಡ್ ಟು ಹ್ಯಾವ್’ ಎಂಬ ಎರಡು ಪಟ್ಟಿಗಳನ್ನು ಬೇರ್ಪಡಿಸಬೇಕು. ಮೊದಲನೆಯದು ಇರಲೇಬೇಕಾದದ್ದು, ಎರಡನೆಯದು ಇದ್ದರೆ ಒಳ್ಳೆಯದು. ಎರಡನೇ ಪಟ್ಟಿಯಲ್ಲಿ ನಾಲ್ಕು ಕಡಿಮೆಯಿದೆ ಎಂದು ಹಿಂಜರಿದು ಅರ್ಜಿ ಹಾಕದವರು ಅನೇಕರು. ಮೊದಲನೆಯದನ್ನು ಓದದೆಯೇ ಅರ್ಜಿ ಹಾಕುವವರೂ ಅನೇಕರು. ಇಬ್ಬರಿಗೂ ನಷ್ಟವೇ. ಪಟ್ಟಿ ಬೇರೆಯಾಗಿ ಕೊಟ್ಟಿಲ್ಲದಿದ್ದರೆ, ಯಾವ ಕೆಲಸದ ಮಾತು ಎರಡು ಮೂರು ಸಲ ಬಂದಿದೆ ಎಂದು ನೋಡಿದರೆ ಸಾಕು, ಕಂಪನಿಗೆ ಬೇಕಾದದ್ದು ಅದೇ. ಅದನ್ನು ಸ್ವವಿವರದ ಮೊದಲ ಅರ್ಧ ಪುಟದಲ್ಲಿ, ಪ್ರಕಟಣೆಯಲ್ಲಿರುವ ಪದದಲ್ಲೇ ಬರೆಯಬೇಕು. ಇಲ್ಲದ್ದನ್ನು ಇದೆ ಎಂದು ಬರೆಯಬಾರದು. ಸಂದರ್ಶನದ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ಸಂಬಳದ ಅಂಕಿ ಬಿಡಿಸಿ ನೋಡಿ

ಪ್ರಕಟಣೆಯಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ ‘ಸಿಟಿಸಿ’, ಅಂದರೆ ಒಬ್ಬ ನೌಕರನ ಮೇಲೆ ಕಂಪನಿ ಮಾಡುವ ಒಟ್ಟು ವಾರ್ಷಿಕ ಖರ್ಚು. ಅದು ಕೈಗೆ ಬರುವ ಹಣವಲ್ಲ. ಒಂದು ಲೆಕ್ಕ ಹಾಕೋಣ. ಸಿಟಿಸಿ 4,20,000 ರೂಪಾಯಿ ಎಂದಿದ್ದರೆ ತಿಂಗಳಿಗೆ 35,000 ಎಂದು ಮನೆಯವರು ಲೆಕ್ಕ ಮಾಡುತ್ತಾರೆ. ಇದರಲ್ಲಿ ಮೂಲ ವೇತನ ಅರ್ಧ, ಅಂದರೆ 2,10,000 ಎಂದುಕೊಳ್ಳಿ. ಅದರ ಮೇಲೆ ಕಂಪನಿಯ ಪಾಲಿನ ಭವಿಷ್ಯ ನಿಧಿ ಶೇ. 12ರಂತೆ 25,200. ಗ್ರಾಚ್ಯುಟಿಗೆಂದು ಶೇ. 4.81ರಂತೆ ಸುಮಾರು 10,100. ಸಾಧನೆ ನೋಡಿ ಕೊಡುವ ‘ವೇರಿಯಬಲ್’ ಶೇ. 10 ಎಂದರೆ 42,000. ಇವೆಲ್ಲ ಕಳೆದರೆ ಉಳಿಯುವುದು 3,42,700, ತಿಂಗಳಿಗೆ ಸುಮಾರು 28,500. ಅದರಲ್ಲಿ ನೌಕರನ ಪಾಲಿನ ಭವಿಷ್ಯ ನಿಧಿ 2,100, ವೃತ್ತಿ ತೆರಿಗೆ 200 ಕಳೆದರೆ ಕೈಗೆ 26,000ದ ಆಸುಪಾಸು. ಬೆಂಗಳೂರಿನ ಪಿಜಿ ಬಾಡಿಗೆ, ಓಡಾಟದ ಖರ್ಚು ಕಟ್ಟಬೇಕಾದದ್ದು ಇದರಿಂದಲೇ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳನ್ನು ಕೇಂದ್ರ ಸರ್ಕಾರ ಜಾರಿಗೆ ತಂದಿದೆ. ಉದ್ಯೋಗಾರ್ಥಿಗಳು ಇದರಲ್ಲಿ ತಿಳಿಯಬೇಕಾದ ಅಂಶಗಳು ಮೂರು. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಹೆಚ್ಚಿನ ಭಾಗವನ್ನು ವೇತನವೆಂದೇ ಲೆಕ್ಕ ಹಿಡಿಯಬೇಕು. ಇದರಿಂದ ಗ್ರಾಚ್ಯುಟಿಯಂಥ ಮುಂದಿನ ಉಳಿತಾಯ ಹೆಚ್ಚುತ್ತದೆ, ಕೆಲವರಿಗೆ ತಿಂಗಳ ಕೈಸಂಬಳ ಸ್ವಲ್ಪ ಇಳಿಯಲೂಬಹುದು. ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ನಿಗದಿತ ಅವಧಿಯ ಒಪ್ಪಂದದ ಮೇಲೆ ದುಡಿಯುವವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಬರುತ್ತದೆ. ಆದ್ದರಿಂದ ಪ್ರಕಟಣೆಯಲ್ಲಿ ‘ಕಾಂಟ್ರಾಕ್ಟ್’ ಅಥವಾ ‘ಥರ್ಡ್ ಪಾರ್ಟಿ ಪೇರೋಲ್’ ಎಂದಿದ್ದರೆ ಸಂಬಳ ಕೊಡುವವರು ಯಾರು, ಪತ್ರ ಯಾರ ಹೆಸರಿನಲ್ಲಿ ಬರುತ್ತದೆ, ಅವಧಿ ಎಷ್ಟು ಎಂದು ಕೇಳಿಯೇ ಮುಂದುವರಿಯಬೇಕು. ದೊಡ್ಡ ಕಂಪನಿಯ ಕಟ್ಟಡದಲ್ಲಿ ಕೂತು ಕೆಲಸ ಮಾಡಿದ ಮಾತ್ರಕ್ಕೆ ಆ ಕಂಪನಿಯ ನೌಕರರಾಗುವುದಿಲ್ಲ.

ಸರ್ಕಾರಿ ಅಧಿಸೂಚನೆಯ ಓದು ಬೇರೆ

ಖಾಸಗಿ ಪ್ರಕಟಣೆಯಲ್ಲಿ ಒಂದೆರಡು ಅರ್ಹತೆ ಕಡಿಮೆಯಿದ್ದರೂ ಪ್ರಯತ್ನಿಸಬಹುದು. ಸರ್ಕಾರಿ ಅಧಿಸೂಚನೆಯಲ್ಲಿ ಅದಕ್ಕೆ ಜಾಗವಿಲ್ಲ. ವಯಸ್ಸು ಮತ್ತು ವಿದ್ಯಾರ್ಹತೆಯನ್ನು ಯಾವ ದಿನಾಂಕಕ್ಕೆ ಲೆಕ್ಕ ಹಿಡಿಯುತ್ತಾರೆ ಎಂಬ ಸಾಲೇ ಅಲ್ಲಿ ಜೀವಾಳ. ಪ್ರಮಾಣಪತ್ರಗಳೂ ಹೇಳಿದ ನಮೂನೆಯಲ್ಲಿ, ಹೇಳಿದ ದಿನದೊಳಗೆ ಕೈಯಲ್ಲಿರಬೇಕು.

ನಮ್ಮಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಕಾಣುತ್ತದೆ. 2014ರ ಜನವರಿಯಲ್ಲಿ ಕೇಂದ್ರವು ಜೈನರನ್ನು ರಾಷ್ಟ್ರೀಯ ಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿಸಿತು. ಅದರಿಂದ ವಿದ್ಯಾರ್ಥಿವೇತನ, ಸಾಲ, ಶಿಕ್ಷಣ ಸಂಸ್ಥೆಗಳಿಗೆ ಸಂಬಂಧಿಸಿದ ಸೌಲಭ್ಯಗಳು ಸಿಗುತ್ತವೆ. ಆದರೆ ಅಲ್ಪಸಂಖ್ಯಾತರೆಂಬ ಕಾರಣಕ್ಕೇ ನೌಕರಿಯಲ್ಲಿ ಮೀಸಲಾತಿ ಬರುವುದಿಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿ ಅಡಿಯಲ್ಲಿದ್ದಾರೆ. ಅದರ ಲಾಭಕ್ಕೆ ತಹಸೀಲ್ದಾರರ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಕೇಂದ್ರ ಸರ್ಕಾರದ ಪಟ್ಟಿ ಬೇರೆಯೇ. ರಾಜ್ಯದ ಪಟ್ಟಿಯಲ್ಲಿದ್ದೇವೆ ಎಂದು ರೈಲ್ವೆ, ಬ್ಯಾಂಕ್ ಅರ್ಜಿಯಲ್ಲಿ ಅದನ್ನೇ ತುಂಬಿದರೆ ಆಯ್ಕೆಯಾದ ಮೇಲೂ ಹೆಸರು ಬಿದ್ದುಹೋಗಬಹುದು. ಕೇಂದ್ರದ ಹುದ್ದೆಗಳಲ್ಲಿ ಯಾವ ಮೀಸಲಾತಿಗೂ ಸೇರದ, ವಾರ್ಷಿಕ ವರಮಾನ 8 ಲಕ್ಷದೊಳಗಿನ ಕುಟುಂಬಗಳು ಆಸ್ತಿಯ ಮಿತಿಗೆ ಒಳಪಟ್ಟು ಶೇ. 10ರ ಆರ್ಥಿಕ ದುರ್ಬಲ ವರ್ಗದ ಕೋಟಾ ಗಮನಿಸಬಹುದು.

ರಾಜ್ಯದ ನೇಮಕಾತಿಯಲ್ಲಿ 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿ, ಕಲ್ಯಾಣ ಕರ್ನಾಟಕದವರಿಗೆ 371ಜೆ ಸೌಲಭ್ಯ ಇದೆ. ಅರ್ಜಿಯ ಆ ಕಾಲಂ ತುಂಬದಿದ್ದರೆ ನಂತರ ಕೇಳಿ ಪಡೆಯಲು ಬರುವುದಿಲ್ಲ.

ಅನುಮಾನ ಹುಟ್ಟಬೇಕಾದ ಪ್ರಕಟಣೆಗಳು

2022ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ಒಂದು ಎಚ್ಚರಿಕೆ ಹೊರಡಿಸಿತು. ಥಾಯ್ಲೆಂಡಿನಲ್ಲಿ ‘ಡಿಜಿಟಲ್ ಸೇಲ್ಸ್ ಅಂಡ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್’ ಹುದ್ದೆ ಎಂದು ಐಟಿ ತಿಳಿದ ಯುವಕರನ್ನು ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಒಯ್ದು, ಸೈಬರ್ ವಂಚನೆಯ ಕೆಲಸಕ್ಕೆ ಹಚ್ಚುತ್ತಿದ್ದರು. ನಂತರದ ವರ್ಷಗಳಲ್ಲೂ ಅಲ್ಲಿಂದ ಭಾರತೀಯರನ್ನು ಬಿಡಿಸಿ ತರಬೇಕಾಯಿತು. ಹುದ್ದೆಯ ಹೆಸರು ದೊಡ್ಡದು, ಸಂಬಳ ದೊಡ್ಡದು, ಅರ್ಹತೆ ಅಸ್ಪಷ್ಟ, ಸಂದರ್ಶನ ಫೋನಿನಲ್ಲೇ ಹತ್ತು ನಿಮಿಷ, ಟಿಕೆಟ್ ಅವರದೇ: ಇವೆಲ್ಲ ಒಟ್ಟಿಗೆ ಬಂದರೆ ನಿಲ್ಲಬೇಕು. ಪ್ರವಾಸಿ ವೀಸಾದಲ್ಲಿ ಕಳಿಸುತ್ತೇವೆ ಎಂದರೆ ಅಲ್ಲಿಗೇ ಮಾತು ಮುಗಿಸಬೇಕು. ನೋಂದಾಯಿತ ಏಜೆಂಟರ ಹೆಸರು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಸಿಗುತ್ತದೆ.

ಊರಲ್ಲೇ ನಡೆಯುವ ಮೋಸದ ಗುರುತು ಇನ್ನೂ ಸುಲಭ. ನೌಕರಿ ಕೊಡುವವರು ತರಬೇತಿ, ಲ್ಯಾಪ್‌ಟಾಪ್, ದಾಖಲೆ ಪರಿಶೀಲನೆ ಎಂದು ಮೊದಲೇ ಹಣ ಕೇಳಿದರೆ ಅದು ನೌಕರಿಯಲ್ಲ. ಮೂಲ ಅಂಕಪಟ್ಟಿ ಒತ್ತೆ ಇಡಿ ಎಂದರೂ ಒಪ್ಪಬಾರದು.

ಸಮಾಜದ ಗುಂಪುಗಳಲ್ಲಿ ದಿನವೂ ಹತ್ತಾರು ಪ್ರಕಟಣೆಗಳು ಹರಿದಾಡುತ್ತವೆ. ಹಾಗೆಯೇ ಮುಂದಕ್ಕೆ ಕಳಿಸುವ ಬದಲು ಊರು, ಪಾಳಿ, ಅರ್ಹತೆ, ಕೈಗೆ ಬರುವ ಸಂಬಳ, ಬಾಂಡ್, ಕೊನೆಯ ದಿನ ಎಂಬ ಆರು ಸಾಲು ಕನ್ನಡದಲ್ಲಿ ಬರೆದು ಕಳಿಸಿದರೆ ಓದುವವರಿಗೆ ಉಪಕಾರ. ಸ್ಥಳೀಯ ಯುವಕ ಮಂಡಲ, ಮಹಿಳಾ ಸಮಾಜ, ವಿದ್ಯಾರ್ಥಿ ನಿಲಯಗಳು ವಾರಕ್ಕೊಮ್ಮೆ ಈ ಕೆಲಸ ಮಾಡಬಹುದು. ಅರ್ಜಿ ಹಾಕಿದ ಪ್ರಕಟಣೆಯ ಪ್ರತಿಯನ್ನು ಮಕ್ಕಳು ತೆಗೆದಿಟ್ಟುಕೊಳ್ಳಬೇಕು. ಹುದ್ದೆ ತುಂಬಿದ ಮೇಲೆ ಅದು ತಾಣದಿಂದ ಮಾಯವಾಗುತ್ತದೆ. ನೇಮಕಾತಿ ಪತ್ರ ಬಂದ ದಿನ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಸಹಿ ಹಾಕುವ ಮೊದಲು ಮನೆಯ ಹಿರಿಯರೊಂದಿಗೆ ಕೂತು ಒಮ್ಮೆ ಓದಬೇಕು.