ಎಡಬದಿಯ ಸೊನ್ನೆಯ ಬೆಲೆ

ಎಡಬದಿಯ ಸೊನ್ನೆಗೆ ಬೆಲೆಯಿಲ್ಲವೆಂಬುದು ಪ್ರಾಥಮಿಕ ಶಾಲೆಯ ಗಣಿತ. ಮೊತ್ತಗಳ ಮಟ್ಟಿಗೆ ಅದು ಸರಿ. 00500 ರೂಪಾಯಿ ಎಂದು ಬರೆದರೂ ಐನೂರೇ. ಆದರೆ ಖಾತೆ ಸಂಖ್ಯೆ, ಪಾಲಿಸಿ ಸಂಖ್ಯೆ, ನೋಂದಣಿ ಸಂಖ್ಯೆಗಳು ಮೊತ್ತಗಳಲ್ಲ, ಹೆಸರುಗಳು. ಭಾರತೀಯ ಸ್ಟೇಟ್ ಬ್ಯಾಂಕಿನ ಹನ್ನೊಂದಂಕಿಯ ಖಾತೆ ಸಂಖ್ಯೆ ಮುಂದೆ ಆರು ಸೊನ್ನೆ ಸೇರಿಸಿಕೊಂಡು ಹದಿನೇಳಂಕಿಯಾಗಿ ಕಾಣಿಸಿದರೆ ಆ ಸೊನ್ನೆಗಳು ಬರೀ ಭರ್ತಿಗೆ ಬಂದವು. ಅಮೆರಿಕದ ಬಾಸ್ಟನ್ ನಗರದ 02108 ಎಂಬ ಪಿನ್‌ಕೋಡಿನ ಸೊನ್ನೆಯಾದರೋ ಹೆಸರಿನ ಭಾಗವೇ. ಯಂತ್ರದ ಕಣ್ಣಿಗೆ ಎರಡೂ ಒಂದೇ. ತೊಡಕಿರುವುದು ಇಲ್ಲಿ.

ದೊಡ್ಡ ಬ್ಯಾಂಕುಗಳ, ವಿಮಾ ಸಂಸ್ಥೆಗಳ ಲೆಕ್ಕ ಇಂದಿಗೂ ಬಹುಮಟ್ಟಿಗೆ ಮೇನ್‌ಫ್ರೇಮ್ ಯಂತ್ರಗಳಲ್ಲೇ ನಡೆಯುತ್ತದೆ. ಐಬಿಎಂ 1964ರಲ್ಲಿ ಪ್ರಕಟಿಸಿದ ಸಿಸ್ಟಂ/360ರ ವಂಶದ ಈ ಯಂತ್ರಗಳನ್ನು ಪರದೇಶದ ಗ್ರಾಹಕರ ಪರವಾಗಿ ನಮ್ಮ ಬೆಂಗಳೂರಿನ ಎಂಜಿನಿಯರುಗಳೂ ನೋಡಿಕೊಳ್ಳುತ್ತಾರೆ. ಎಂಬತ್ತು ಕಾಲಮ್ಮುಗಳ ರಂಧ್ರಪತ್ರದ ಕಾಲದಿಂದಲೂ ಅಲ್ಲಿ ಪ್ರತಿ ಫೀಲ್ಡಿಗೂ ನಿಗದಿತ ಉದ್ದ. ಉಳಿದ ಜಾಗ ತುಂಬಲು ಸೊನ್ನೆ. ಆ ಫೈಲು ಹೊಸ ವ್ಯವಸ್ಥೆಗೆ ಹೋಗುವಾಗ ಸೊನ್ನೆ ಕಳಚಬೇಕೆಂಬ ಬೇಡಿಕೆ ಏಳುವುದು ಸಹಜ.

ಅದಕ್ಕೆ ಕೋಬಾಲ್ ಪ್ರೋಗ್ರಾಂ ಬರೆಯಬೇಕಿಲ್ಲ. ಐಬಿಎಂನ ವಿಂಗಡಣೆ ತಂತ್ರಾಂಶ ಡಿಎಫ್‌ಸಾರ್ಟ್‌ಗೆ ಒಂದೆರಡು ಸಾಲಿನ ಆಜ್ಞೆ ಸಾಕು. ಫೀಲ್ಡನ್ನು ಸಂಖ್ಯೆಯೆಂದು ಓದಿ, ಎಡಿಟ್ ಮಾದರಿಯಲ್ಲಿ ಅಂಕಿಗೊಂದರಂತೆ 'ಐ' ಬರೆದರೆ ಎಡಬದಿಯ ಸೊನ್ನೆಗಳು ಖಾಲಿಯಾಗುತ್ತವೆ. ಕೊನೆಯ ಸ್ಥಾನದಲ್ಲಿ ಮಾತ್ರ 'ಟಿ' ಇರಬೇಕು. ಇಲ್ಲದಿದ್ದರೆ ಬರೀ ಸೊನ್ನೆಗಳಿರುವ ಫೀಲ್ಡು ಪೂರ್ತಿ ಬರಿದಾಗಿಬಿಡುತ್ತದೆ. ಉಳಿದ ಅಂಕಿಗಳನ್ನು ಎಡಕ್ಕೆ ಸರಿಸಲು ಜೆಎಫ್‌ವೈ ಎಂಬ ಇನ್ನೊಂದು ಸೌಲಭ್ಯವಿದೆ. ಈ ಚಾತುರ್ಯವನ್ನು ನಾನು ಮೆಚ್ಚುವವನೇ. ನನ್ನ ಆಕ್ಷೇಪವಿರುವುದು ಇದನ್ನು ಕೇವಲ ತಾಂತ್ರಿಕ ಚಿಲ್ಲರೆ ಕೆಲಸವೆಂದು ಭಾವಿಸುವ ರೂಢಿಗೆ.

ಯುಎಫ್‌ಎಫ್ ಎಂಬ ರೂಪದಲ್ಲಿ ಓದಿಸಿದರೆ ಅಂಕಿಯಲ್ಲದ ಅಕ್ಷರಗಳನ್ನೆಲ್ಲ ತಂತ್ರಾಂಶ ಕಡೆಗಣಿಸುತ್ತದೆ. 00ಎ12 ಕೂಡ 12, 00ಬಿ12 ಕೂಡ 12! ಅಕ್ಷರಗಳಿಲ್ಲದಿದ್ದರೂ ಅಪಾಯ ತಪ್ಪದು. ಎರಡು ಶಾಖೆಗಳು, ಅಥವಾ ವಿಲೀನಗೊಂಡ ಎರಡು ಬ್ಯಾಂಕುಗಳು, 00123 ಮತ್ತು 123 ಎಂಬ ಸಂಖ್ಯೆಗಳನ್ನು ಬೇರೆ ಬೇರೆಯವರಿಗೆ ಕೊಟ್ಟಿದ್ದರೆ ಸೊನ್ನೆ ಕಳಚಿದ ಕ್ಷಣ ಇಬ್ಬರೂ ಒಬ್ಬರಾಗುತ್ತಾರೆ. ವಿಂಗಡಣೆಗೆ ಮೊದಲೇ, ಇನ್‌ರೆಕ್ ಹಂತದಲ್ಲಿ, ಈ ಕೆಲಸ ಮಾಡಿ, ನಕಲು ತೆಗೆಯುವ 'ಸಮ್ ಫೀಲ್ಡ್ಸ್ ನನ್' ಆಜ್ಞೆಯನ್ನೂ ಸೇರಿಸಿದ್ದರಂತೂ ಇಬ್ಬರಲ್ಲಿ ಒಬ್ಬರ ದಾಖಲೆ ಹೊರಬರುವ ಫೈಲಿನಲ್ಲೇ ಇರುವುದಿಲ್ಲ. ಯಂತ್ರ ದೂರುವುದಿಲ್ಲ, ಕೆಲಸ ಯಶಸ್ವಿ ಎಂಬುದಕ್ಕೆ ಅದು ಕೊಡುವ ಸಂಕೇತವೂ 0000. ಎಷ್ಟು ದಾಖಲೆ ಒಳಬಂದವು, ಎಷ್ಟು ಹೊರಹೋದವು ಎಂಬ ಲೆಕ್ಕವನ್ನೇನೋ ಅದು ಪ್ರಾಮಾಣಿಕವಾಗಿ ಬರೆದಿಡುತ್ತದೆ. ಓದುವವರು ಯಾರು?

ಅನುಕ್ರಮವೂ ಕೆಡುತ್ತದೆ. ಎಡಕ್ಕೆ ಸರಿಸಿದ ಪಠ್ಯದಲ್ಲಿ 10 ಮೊದಲು, 9 ಆಮೇಲೆ.

ಸೊನ್ನೆ ಭರ್ತಿಯದೋ ಹೆಸರಿನದೋ ಎಂದು ಹೇಳಬೇಕಾದವರು ಆ ಸಂಖ್ಯೆಯನ್ನು ಕೊಟ್ಟ ಇಲಾಖೆಯವರು, ಅದೂ ಲಿಖಿತವಾಗಿ. ರಾತ್ರಿ ಪಾಳಿಯ ಕಿರಿಯ ಎಂಜಿನಿಯರ್ ಅದನ್ನು ಊಹಿಸುವಂತಾಗಬಾರದು. ಮೂಲ ಫೀಲ್ಡನ್ನು ಅಳಿಸದೆ, ಸೊನ್ನೆ ಕಳಚಿದ ರೂಪವನ್ನು ದಾಖಲೆಯ ಕೊನೆಯಲ್ಲಿ ಬೇರೆ ಫೀಲ್ಡಾಗಿ ಸೇರಿಸಲು ಹೆಚ್ಚು ಖರ್ಚೇನೂ ಇಲ್ಲ. ಖಾತೆಗೊಂದೇ ದಾಖಲೆಯಿರುವ ಫೈಲಿನಲ್ಲಿ ಹೊಸ ಫೀಲ್ಡಿನ ಮೇಲೆ ಐಸ್‌ಟೂಲ್‌ನ 'ಸೆಲೆಕ್ಟ್ ಆಲ್‌ಡಪ್ಸ್' ಓಡಿಸಿದರೆ ಡಿಕ್ಕಿ ಹೊಡೆದ ಸಂಖ್ಯೆಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಪಟ್ಟಿ ಖಾಲಿ ಬಂದರೆ ಮುಂದುವರಿಯಲಿ. ಒಂದು ಜೋಡಿ ಸಿಕ್ಕರೂ ಕೆಲಸ ನಿಲ್ಲಿಸಿ, ಆ ಇಬ್ಬರು ಗ್ರಾಹಕರ ಮೂಲ ಅರ್ಜಿಗಳನ್ನು ಶಾಖೆಯಿಂದ ತರಿಸಿ ನೋಡಬೇಕು.