ಹಕ್ಕು ಮುಗಿದರೂ ಕೈಗೆ ಸಿಗದ ಹಳೇ ಪೇಪರ್

1843ರಲ್ಲಿ ಹರ್ಮನ್ ಮೊಗ್ಲಿಂಗ್ ಶುರು ಮಾಡಿದ ‘ಮಂಗಳೂರ ಸಮಾಚಾರ’ ಮರುವರ್ಷವೇ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯ್ತು. ಕನ್ನಡದ ಮೊದಲ ಪತ್ರಿಕೆ ಅಚ್ಚಾದ ಊರು ನಮ್ಮದು. ಆದರೆ ಇದೇ ಊರಿನ ಬಗ್ಗೆ ಬಂದ ಹಳೇ ಸುದ್ದಿಯನ್ನು ಫೋನಲ್ಲಿ ಓದೋಣ ಅಂದ್ರೆ ಕಷ್ಟ.

1953ನ್ನೇ ತಗೊಳ್ಳಿ. ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ ಅಕ್ಟೋಬರ್ 1ರಂದು ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಉಳಿದ ಏಳು ತಾಲೂಕು ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕು ಯಾರಿಗೆ ಅನ್ನೋ ಜಗಳಕ್ಕೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ವರದಿಯೇ ಬೇಕಾಯ್ತು. ಇವತ್ತು ಗಡಿ, ಭಾಷೆ ಅಂತ ವಾಟ್ಸಾಪಲ್ಲಿ ಕಿತ್ತಾಡುವಾಗ ಆ ವಾರದ ಕನ್ನಡ, ತೆಲುಗು ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಕಾದರೆ ಅರ್ಧ ಸುಳ್ಳು ಅಲ್ಲೇ ಉದುರುತ್ತೆ.

ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ, ಹೆಸರಿಲ್ಲದೆ ಪ್ರಕಟವಾದ ಬರಹಕ್ಕೆ 60 ವರ್ಷ ರಕ್ಷಣೆ. ಅಂದರೆ ಬರೆದವರ ಹೆಸರಿಲ್ಲದ 1953ರ ವರದಿಗಳು 2013ರ ಕೊನೆಗೇ ಎಲ್ಲರ ಸ್ವತ್ತಾದವು. ಸ್ವತ್ತು ನಮ್ಮದು, ಬೀಗದ ಕೈ ಮಾತ್ರ ನಮ್ಮತ್ರ ಇಲ್ಲ.

ಬಿಟ್ಟಿ ಸಿಕ್ಕಿದ್ದನ್ನು ನೆಚ್ಚಿಕೊಂಡರೆ ಏನಾಗುತ್ತೆ ಅನ್ನೋದನ್ನೂ ನೋಡಿದ್ದೀವಿ. ಹಳೇ ಪತ್ರಿಕೆಗಳನ್ನು ಸ್ಕ್ಯಾನ್ ಮಾಡ್ತಿದ್ದ ಗೂಗಲ್ 2011ರಲ್ಲಿ ಕೈಬಿಟ್ಟಿತು. ಬೆಂಗಳೂರಿನ ಐಐಎಸ್‌ಸಿ ಮುಂದೆ ನಿಂತು ಕಟ್ಟಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಕಾಪಿರೈಟ್ ತಕರಾರಿನ ನಡುವೆ ಮುಚ್ಚಿತು. ಅದರ ಲಕ್ಷಾಂತರ ಪುಸ್ತಕಗಳು ಇವತ್ತೂ ಸಿಗುತ್ತಿದ್ದರೆ, ಯಾರೋ ಪುಣ್ಯಾತ್ಮರು ಇಂಟರ್ನೆಟ್ ಆರ್ಕೈವ್‌ಗೆ ನಕಲು ಮಾಡಿಟ್ಟಿದ್ದಕ್ಕೆ. 2024ರ ಅಕ್ಟೋಬರಿನಲ್ಲಿ ಹ್ಯಾಕರ್‌ಗಳ ದಾಳಿಗೆ ಆ ಆರ್ಕೈವೇ ದಿನಗಟ್ಟಲೆ ಬಂದ್ ಆಗಿತ್ತು. ಎಂಜಿನಿಯರಿಂಗ್ ಓದಿದವನಾಗಿ ನನಗೆ ಕಾಣೋದು ಇಷ್ಟೇ: ಒಂದೇ ಕಡೆ ಇರೋ ನಕಲನ್ನು ಬ್ಯಾಕಪ್ ಅನ್ನಲ್ಲ.

ಪತ್ರಿಕೆಗಳ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯದಂಥ ಕಡೆ ಕೊಡಬೇಕು ಅಂತ 1954ರ ಕಾಯ್ದೆಗೆ 1956ರಲ್ಲೇ ಸೇರಿಸಿದ್ದಾರೆ. ಕೊಟ್ಟಿದ್ದನ್ನು ಆನ್‌ಲೈನಲ್ಲಿ ತೆರೆದಿಡಬೇಕು ಅನ್ನೋ ಮಾತು ಅದರಲ್ಲಿಲ್ಲ. ಸಿರುಗುಪ್ಪದ ಹುಡುಗಿಯೊಬ್ಬಳು ತನ್ನ ತಾಲೂಕಿನ ಚರಿತ್ರೆ ಓದೋಕೆ ಕೋಲ್ಕತ್ತದ ರೈಲು ಹತ್ತಬೇಕಾ?

ದುಡ್ಡಿಲ್ಲ ಅನ್ನೋ ನೆಪ ಬೇಡ. ಆಸ್ತಿ ತೆರಿಗೆ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೀವಿ. ಆ ದುಡ್ಡಲ್ಲಿ ಹಕ್ಕು ಮುಗಿದ ಕನ್ನಡ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಮೂರು ಬೇರೆ ಬೇರೆ ಊರಲ್ಲಿ ನಕಲು ಇಟ್ಟು, ಲಾಗಿನ್ ಕೇಳದೆ ತೆರೆದಿಡಲಿ. ಮೊದಲ ಕಂತು 1953ರದ್ದಾಗಲಿ. ಮುಂದಿನ ಚುನಾವಣೆಗೆ ಮತ ಕೇಳೋಕೆ ಬಂದವರ ಮುಂದೆ ರಸ್ತೆ, ನೀರಿನ ಜೊತೆ ಇದನ್ನೂ ಇಡಿ.